ಜೇಬು ಹೊಲಿದವಳು

"ಡಬ್ಬಿ ತೆಗೀರಿ."

"ನಾನ್ಯಾರ ಮಗಳು ಅಂತ ಗೊತ್ತಾ ನಿಮಗೆ?"

"ಗೊತ್ತು. ಅದಕ್ಕೇ ಎರಡು ಸಲ ನೋಡ್ತೀನಿ."

ರಾಜಧಾನಿ ಆಪಿಯಾದಿಂದ ಬಂದ ಹಡಗು ಆಗತಾನೇ ದ್ವೀಪದ ಫಾಲೆಮೋವಾ ಬಂದರಿಗೆ ತಾಗಿತ್ತು. ಇಳಿದವರೆಲ್ಲ ಬಿಸಿಲಲ್ಲಿ ಸಾಲಾಗಿ ನಿಂತಿದ್ದರು. ಸಿನಿವಾಳ ಡಬ್ಬಿಯಲ್ಲಿದ್ದದ್ದು ಸೋದರತ್ತೆ ಕಟ್ಟಿಕೊಟ್ಟ ಪಾಲುಸಾಮಿ, ಕೆಸುವಿನೆಲೆಯಲ್ಲಿ ತೆಂಗಿನ ಹಾಲು ಕಟ್ಟಿ ಬೇಯಿಸಿದ್ದು. ಊರಿನ ಪೊಲೀಸ್ ಸೂಪರಿಂಟೆಂಡೆಂಟರಾದ ಅವಳಪ್ಪನಿಗೆ ಅದೆಂದರೆ ಪ್ರಾಣ.

ತಪಾಸಣೆಗೆ ನಿಂತಿದ್ದ ಹೊಸ ಪತ್ತೇದಾರ ಒಂದೊಂದು ಪೊಟ್ಟಣವನ್ನೂ ಬಿಚ್ಚಿದ, ಮೂಸಿದ. ತೆಂಗಿನ ಹಾಲು ಅವನ ಮೊಣಕೈಯವರೆಗೂ ಇಳಿಯಿತು. ಸೂಪರಿಂಟೆಂಡೆಂಟರ ಮನೆ ಊಟಕ್ಕೂ ಪೊಲೀಸ್ ಕಾವಲು ಬಂತಲ್ಲಪ್ಪಾ ಎಂದು ಹಿಂದೆ ಯಾರೋ ಅಂದರು. ಸಾಲಿಗೆ ಸಾಲೇ ನಕ್ಕಿತು.

ಸಿನಿವಾಳ ಮುಖ ಕೆಂಡವಾಯಿತು.

ಅವನು ಡಬ್ಬಿ ಮುಚ್ಚಿ, ಬೆರಳಿಗಂಟಿದ್ದನ್ನು ನಾಲಿಗೆಗೆ ತಾಗಿಸಿಕೊಂಡು, "ಎಲ್ಲಾ ಸರಿ ಇದೆ. ಉಪ್ಪು ಮಾತ್ರ ಒಂಚೂರು ಕಡಿಮೆ," ಎಂದ.

ಇವನಿಗೆ ಬುದ್ಧಿ ಕಲಿಸದಿದ್ದರೆ ನನ್ನ ಹೆಸರು ಸಿನಿವಾ ಅಲ್ಲ... ಎಂದುಕೊಂಡಳು ಅವಳು. ಪಾಪ, ಪ್ರೀತಿ ಹೀಗೂ ಶುರುವಾಗುತ್ತದೆಂದು ಅವಳಿಗೇನು ಗೊತ್ತು.

ಅವನ ಹೆಸರು ಫಾಲನಿಕೊ. ತಾಯಿ ತಿರೇಸಾಳನ್ನು ಕರೆದುಕೊಂಡು ತಾನೇ ಕೇಳಿ ಈ ಊರಿಗೆ ವರ್ಗ ಮಾಡಿಸಿಕೊಂಡು ಬಂದವನು. ಅವನ ತಮ್ಮನನ್ನು ತಿಂದುಹಾಕಿದ್ದು ಐಸ್ ಎಂಬ ಮಾದಕ ವಸ್ತು, ಆ ಬಿಳಿ ವಿಷ. ಅದು ಈ ಬಂದರಿನ ಮೀನು ದೋಣಿಗಳಲ್ಲೇ ಬರುತ್ತಿತ್ತು. ಹಿಡಿದ ಮಾಲು ಠಾಣೆಗೆ ಹೋಗಿ, ಠಾಣೆಯಿಂದ ಮತ್ತೆ ಬೀದಿಗೆ ಬರುತ್ತಿತ್ತು. ಯಾರಾದರೂ ಬಾಯಿ ಬಿಟ್ಟರೆ ಅವರ ದೋಣಿಗೆ ಬೆಂಕಿ ಬೀಳುತ್ತಿತ್ತು. ಊರಿಗೆಲ್ಲ ತಿಳಿದಿದ್ದ ವಿಷಯ ಠಾಣೆಗೆ ಮಾತ್ರ ತಿಳಿದಿರಲಿಲ್ಲ!

ಬುದ್ಧಿ ಕಲಿಸುವ ಅವಕಾಶ ಸಿನಿವಾಳ ಬಾಗಿಲಿಗೇ ನಡೆದುಬಂತು. ಸಂತೆ ಬೀದಿಯಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಬೀದಿನಾಯಿ ಎಳೆದು ಅಂಚು ಹರಿದಿದ್ದ ತನ್ನ ನೀಲಿ ಲಾವಲಾವವನ್ನು ಫಾಲನಿಕೊ ಅಲ್ಲಿಗೇ ತಂದ. ಜೇಬಿರುವ ಲಾವಲಾವ, ಅವನು ದಿನಾ ಡ್ಯೂಟಿಗೆ ಸುತ್ತಿಕೊಳ್ಳುತ್ತಿದ್ದ ಪಂಚೆ.

ಸಿನಿವಾ ಅಂಚು ಚೆಂದವಾಗಿ ಹೊಲಿದಳು. ಜೊತೆಗೆ ಎರಡೂ ಜೇಬಿನ ಬಾಯಿಯನ್ನು ಒಳಗಿನಿಂದ ಕೆಂಪು ದಾರದಲ್ಲಿ ಗಟ್ಟಿಯಾಗಿ ಹೊಲಿದುಬಿಟ್ಟಳು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ.

ಮರುದಿನ ಅವನು ಬುಸುಗುಡುತ್ತಾ ಬರುತ್ತಾನೆಂದು ಕಾದಳು. ಬಂದ. ಆದರೆ ನಗುತ್ತಾ ಬಂದ.

"ಕೈ ಹಾಕಿದೆ, ಒಳಗೇ ಹೋಗ್ಲಿಲ್ಲ. ಇದಕ್ಕೂ ಕೂಲಿ ಕೊಡಬೇಕಾ?"

"ಊರಿಗೆಲ್ಲ ಸತ್ಯವಂತ ಅಂತ ಡಂಗುರ ಹೊಡೀತೀರಲ್ಲ. ಜೇಬು ಯಾಕೆ ನಿಮಗೆ?"

ಅವನು ಮುಚ್ಚಿದ ಜೇಬಿನ ಮೇಲೆ ಕೈಯಾಡಿಸಿದ. ಆಮೇಲೆ ಮೆಲ್ಲಗೆ, "ಬಿಚ್ಚಬೇಡಿ. ಹಾಗೇ ಇರಲಿ. ನಮ್ಮಿಬ್ಬರಿಗೆ ಮಾತ್ರ ಗೊತ್ತಿರಲಿ," ಎಂದ.

ಆ 'ನಮ್ಮಿಬ್ಬರಿಗೆ' ಎಂಬ ಮಾತು ದಿನವಿಡೀ ಅವಳ ಕಿವಿಯಲ್ಲೇ ಉಳಿಯಿತು.

ಅಂದಿನಿಂದ ಅವನ ಬೀಗದ ಕೈ, ಬಾಚಣಿಗೆ ಎಲ್ಲ ಅಂಗಿಯ ಜೇಬಿಗೆ ಬಂದವು. ಅಂಗಡಿ ಮುಂದೆ ಹಾದುಹೋಗುವಾಗ ಲಾವಲಾವದ ಪಕ್ಕವನ್ನೊಮ್ಮೆ ತಟ್ಟಿ ತೋರಿಸುತ್ತಿದ್ದ. ಅವಳು ತಲೆ ತಗ್ಗಿಸಿ ನಗುತ್ತಿದ್ದಳು. ಕೆಲವು ಸಂಜೆ ಕೋಕೋ ಕುಡಿಯಲು ಬಂದು, ತಮ್ಮನ ತುಂಟಾಟ ಹೇಳುತ್ತಾ ಅರ್ಧಕ್ಕೇ ಎದ್ದು ಹೊರಡುತ್ತಿದ್ದ. 'ನೀವು' ಎಂಬುದು 'ನೀನು' ಆಗಲಿಲ್ಲ. ಹೇಳಬೇಕಾದ್ದನ್ನು ಅವನು ಹೇಳಲಿಲ್ಲ, ಕೇಳಬೇಕಾದ್ದನ್ನು ಅವಳು ಕೇಳಲಿಲ್ಲ. ನಾಳೆ ಹೇಳಿಯಾನು... ಎಂದು ಕಾಯುವುದರಲ್ಲೂ ಒಂದು ಸುಖವಿತ್ತು.

ಆದರೆ ಬಂದ ಸುದ್ದಿಯೇ ಬೇರೆ.

ಅಪ್ಪ ಸೆಟೆಫಾನೊ ಮಧ್ಯಾಹ್ನವೇ ಮನೆಗೆ ಬಂದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಫಾಲನಿಕೊನ ಲಾವಲಾವದ ಜೇಬಿನಲ್ಲಿ ಐಸ್ ಪೊಟ್ಟಣ ಸಿಕ್ಕಿತಂತೆ. ಅಪ್ಪ ತಾವೇ ಕೈಹಾಕಿ ತೆಗೆದದ್ದಂತೆ. "ನನ್ನ ಮೇಲೆ ಕಣ್ಣಿಡೋಕೆ ಅಂತಾನೇ ಅವನು ನಿನ್ನ ಅಂಗಡಿ ಮೆಟ್ಟಿಲು ಹತ್ತಿದ್ದು ಕಣಮ್ಮ," ಎಂದು ಅವಳ ತಲೆ ಸವರಿದರು.

ತಾಯಿ ಸತ್ತ ಮೇಲೆ ಅವಳಿಗೆ ಜಡೆ ಹೆಣೆದು ಶಾಲೆಗೆ ಕಳಿಸಿದ ಕೈ ಅದು. ಆ ಕೈಯನ್ನು ನಂಬದೆ ಇನ್ಯಾರನ್ನು ನಂಬುವುದು?

ಜೇಬು... ಹಾಗಾದರೆ ಅವನು ಹೊಲಿಗೆ ಬಿಚ್ಚಿದ್ದಾನೆ. ಪೊಟ್ಟಣಕ್ಕಿಂತ ಅವಳನ್ನು ಹೆಚ್ಚು ಇರಿದದ್ದು ಅದೇ.

ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಜಾಮೀನಿನಲ್ಲಿ ಹೊರಬಂದಿದ್ದ ಅವನು ತಾಯಿಯ ಜೊತೆ ಎದುರಾದ. ತಿರೇಸಾ ಎಂದಿನಂತೆ ಕೆನ್ನೆ ಮುಟ್ಟಲು ಕೈ ಚಾಚಿದಳು. ಸಿನಿವಾ ಹಿಂದೆ ಸರಿದಳು. ಎಲ್ಲರಿಗೂ ಕೇಳುವಂತೆ, "ವಿಷ ಮಾರೋನ ತಾಯಿ ನನ್ನ ಮುಟ್ಟೋದು ಬೇಡ," ಎಂದಳು. ಆಮೇಲೆ ಅವನಿಗಷ್ಟೇ ಕೇಳುವಂತೆ, "ಹೊಲಿದವಳು ನಾನು. ಬಿಚ್ಚಿದವನು ನೀನು."

ಅವರ ನಡುವಿನ ಮೊದಲ 'ನೀನು' ಅದು.

ಅವನು ಬಾಯಿ ತೆರೆದ. ಅವಳ ಹಿಂದೆ ನಿಂತಿದ್ದ ಅವಳಪ್ಪನನ್ನು ನೋಡಿದ. ಏನೂ ಹೇಳದೆ ತಾಯಿಯ ಕೈ ಹಿಡಿದು ಹೊರಟುಹೋದ.

ವಿಚಾರಣೆಯ ದಿನ ಸಿನಿವಾ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಎಡಜೇಬಿನಿಂದ ತಾನೇ ಪೊಟ್ಟಣ ತೆಗೆದೆನೆಂದು ಅಪ್ಪ ಬೈಬಲ್ ಮುಟ್ಟಿ ಹೇಳಿದರು. ಆಗ ಫಾಲನಿಕೊನ ವಕೀಲ ಅದೇ ನೀಲಿ ಲಾವಲಾವವನ್ನು ಎತ್ತಿ ಹಿಡಿದು ಒಳಮಗ್ಗುಲು ಹೊರಗೆ ಮಾಡಿದ.

ಜೇಬಿನ ಬಾಯಿ ಮುಚ್ಚಿತ್ತು. ಕೆಂಪು ದಾರ...

ಅಪ್ಪನ ಮುಖ ಬಿಳಿಚಿತು. ಮರುಕ್ಷಣವೇ ಸಾವರಿಸಿಕೊಂಡು, ಜಾಮೀನಿನಲ್ಲಿ ಹೊರಗೆ ಬಂದವನು ಆಮೇಲೆ ಹೊಲಿಸಿಕೊಂಡಿದ್ದಾನೆ ಎಂದರು. ನ್ಯಾಯಾಧೀಶರು ಫಾಲನಿಕೊನ ಕಡೆ ತಿರುಗಿ, ಇದನ್ನು ಹೊಲಿದವರು ಯಾರು, ಯಾವಾಗ ಎಂದು ಕೇಳಿದರು.

ಅವನು ತಲೆ ತಗ್ಗಿಸಿದ. ಮತ್ತೆ ಕೇಳಿದರು. ಅವನು ಹೇಳಲಿಲ್ಲ.

ಒಂದೇ ಒಂದು ಹೆಸರು ಹೇಳಿದರೆ ಅವನು ಬಿಡುಗಡೆಯಾಗುತ್ತಿದ್ದ. ಆದರೆ ಆ ಹೆಸರಿನವಳು ಹೆತ್ತಪ್ಪನ ಎದುರೇ ಸಾಕ್ಷಿ ನಿಲ್ಲಬೇಕಾಗುತ್ತಿತ್ತು. ಅದಕ್ಕೇ ಸುಮ್ಮನಿದ್ದಾನೆ... ಅಂದು ಮೆಟ್ಟಿಲ ಮೇಲೆಯೂ ಅದಕ್ಕೇ ಸುಮ್ಮನಿದ್ದ! ಆ ಹೊಲಿಗೆಯ ಒಂದು ಎಳೆಯನ್ನೂ ಅವನು ಬಿಚ್ಚಿರಲಿಲ್ಲ. ಒಗೆದು ಒಗೆದು ದಾರದ ಬಣ್ಣ ಮಾತ್ರ ಮಾಸಿತ್ತು.

ಅವಳು ಎದ್ದು ನಿಂತಳು. ಅಪ್ಪ ಬೇಡವೆಂದು ಕಣ್ಣಲ್ಲೇ ಬೇಡಿದರು. ಆ ಕಣ್ಣನ್ನು ನೋಡುತ್ತಲೇ ಹೇಳಿದಳು:

"ನಾನು ಹೊಲಿದದ್ದು. ಅಪ್ಪ ಪೊಟ್ಟಣ ಸಿಕ್ತು ಅಂದ ದಿನಕ್ಕಿಂತ ಎಷ್ಟೋ ಮುಂಚೆ. ಅದನ್ನ ಯಾರೂ ಬಿಚ್ಚಿಲ್ಲ."

ಅಲ್ಲಿಂದ ಗಂಟು ಕಳಚುತ್ತಾ ಹೋಯಿತು. ಹೆದರಿ ಕೂತಿದ್ದ ಪೇದೆಗಳು ಬಾಯಿಬಿಟ್ಟರು. ಹಿಡಿದ ಮಾಲನ್ನು ಗ್ಯಾಂಗಿಗೆ ತಿರುಗಿ ಕೊಡುತ್ತಿದ್ದವರು ಸೆಟೆಫಾನೊ ಅವರೇ ಎಂದು ಬಯಲಾಯಿತು. ಐಸ್ ತರುತ್ತಿದ್ದ ಮೀನು ದೋಣಿಗಳ ಒಡೆಯ ಜೈಲು ಸೇರಿದ. ಅಪ್ಪ ಕೊನೆಗೆ ತಪ್ಪೊಪ್ಪಿಕೊಂಡು, ಶಿಕ್ಷೆಗೆ ಕಾಯುತ್ತಾ ಜಾಮೀನಿನ ಮೇಲೆ ಮನೆಯಲ್ಲೇ ಇದ್ದರು. ಹೊರಗೆ ಮುಖ ತೋರಿಸುತ್ತಿರಲಿಲ್ಲ.

ಫಾಲನಿಕೊ ಮತ್ತೆ ಕೆಲಸಕ್ಕೆ ಸೇರಿದ. ಆದರೆ ಸಂತೆ ಬೀದಿಯಲ್ಲಿ ಹಾಯುವುದನ್ನೇ ಬಿಟ್ಟ.

ಸಿನಿವಾ ಕಾದಳು. ಬಂಧುಗಳು ಹೆತ್ತಪ್ಪನಿಗೇ ಗುಂಡಿ ತೋಡಿದವಳೆಂದು ಬಾಗಿಲು ಮುಚ್ಚಿಕೊಂಡಿದ್ದರು. ಅದನ್ನು ಸಹಿಸಿಕೊಂಡಳು. ಅವನು ಬರದಿರುವುದನ್ನು ಸಹಿಸಲಾಗಲಿಲ್ಲ. ನಾನು ಅವನ ತಾಯಿಯನ್ನು ಊರ ಮುಂದೆ ಹಾಗೆ ಅಂದೆನಲ್ಲ, ಅವನು ಯಾಕೆ ಬಂದಾನು...

ಒಂದು ಬೆಳಗ್ಗೆ ಪೆಟ್ಟಿಗೆ ತೆರೆದು ತಾಯಿಯ ನುಣುಪು ಚಾಪೆ ಹೊರತೆಗೆದಳು. ರೇಷ್ಮೆಯಂತೆ ಮಡಚುವ ಆ ಚಾಪೆಯನ್ನು ತಾಯಿ ಅವಳ ಮದುವೆಗೆಂದೇ ಹೆಣೆದಿಟ್ಟಿದ್ದಳು. ಮೂಲೆಯಲ್ಲಿ ಕೂತಿದ್ದ ಅಪ್ಪ ತಲೆಯೆತ್ತಿದರು.

"ಇಫೋಗಾ ಕೂರೋಕೆ ಹೊರಟ್ಯಾ? ನನಗೋಸ್ಕರ?"

"ಇಲ್ಲಪ್ಪ. ನನ್ನ ತಪ್ಪಿಗೆ ನಾನು ಹೋಗ್ತಿದ್ದೀನಿ. ನಿಮ್ಮದಕ್ಕೆ ನೀವೇ ಹೋಗಬೇಕು."

ಇಫೋಗಾ ಎಂದರೆ ತಪ್ಪಿತಸ್ಥರು ತಲೆಯ ಮೇಲೆ ಚಾಪೆ ಹೊದ್ದು, ನೊಂದವರ ಮನೆಯ ಮುಂದೆ ಮಾತಿಲ್ಲದೆ ಕೂರುವುದು. ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ. ಎತ್ತದಿದ್ದರೆ ಬಂದ ದಾರಿಗೆ ಸುಂಕವಿಲ್ಲ. ಮನೆಯ ಯಜಮಾನನೇ ಕೂರುವುದು ರೂಢಿ. ಹೆಣ್ಣೊಬ್ಬಳೇ ಹೀಗೆ ಬಂದು ಕೂತದ್ದನ್ನು ಆ ಊರು ಕಂಡಿರಲಿಲ್ಲ.

ಹೊತ್ತು ಮೂಡುವ ಮೊದಲೇ ಅವಳು ಫಾಲನಿಕೊನ ಅಂಗಳದಲ್ಲಿ ಮಂಡಿಯೂರಿ ತಲೆಯಿಂದ ಮಂಡಿಯವರೆಗೆ ಚಾಪೆ ಎಳೆದುಕೊಂಡಳು.

ಬಿಸಿಲೇರಿತು. ಬೆವರು ಕಣ್ಣಿಗಿಳಿದು ಉರಿಯಿತು. ಮಂಡಿಗೆ ಚುಚ್ಚುವ ಕಲ್ಲುಗಳನ್ನು ಅವಳು ಲೆಕ್ಕಕ್ಕಿಡಲಿಲ್ಲ. ಬೇಲಿಯಾಚೆ ಜನ ಸೇರಿ ಗುಸುಗುಸು ಮಾತಾಡುತ್ತಿದ್ದರು. ಬಾಗಿಲು ತೆರೆದ ಸದ್ದಾಯಿತು. ತಿರೇಸಾಳ ಹೆಜ್ಜೆ ಹತ್ತಿರ ಬಂತು.

ಎತ್ತಮ್ಮಾ... ಒಂದು ಸಲ ಎತ್ತಿ ನೋಡಮ್ಮಾ...

"ಅಮ್ಮ, ಎತ್ತಬೇಡ." ಅವನ ದನಿ. "ಎಷ್ಟು ಹೊತ್ತು ಬೇಕಾದ್ರೂ ಕೂತಿರಲಿ. ಮಾಡಿದ್ದು ಸಣ್ಣ ತಪ್ಪಲ್ಲ. ಪೂರ್ತಿ ಅನುಭವಿಸಲಿ."

ಸಿನಿವಾಳ ಒಳಗೇನೋ ಮುರಿದುಬಿತ್ತು. ಹೆಜ್ಜೆಗಳು ಹಿಂದೆ ಹೋದವು. ಅವಳು ಅಳಲಿಲ್ಲ. ಸರಿ, ಇಷ್ಟೇ ನನ್ನ ಋಣ... ಆದರೆ ಸಂಜೆಯವರೆಗೆ ಕೂರುತ್ತೇನೆ. ಅಮ್ಮನ ಚಾಪೆಗೆ ಅಷ್ಟಾದರೂ ಮರ್ಯಾದೆ ಉಳಿಯಲಿ.

ಮಧ್ಯಾಹ್ನ ಜನ ಚದುರಿದರು. ಯಾರೋ ಬಂದು ಅವಳೆದುರು ನೆಲದ ಮೇಲೆ ಕೂತರು. ನಿಟ್ಟುಸಿರೊಂದು ಕೇಳಿಸಿತು.

"ಸಾರ್," ಎಂದ ಫಾಲನಿಕೊ.

ಸಾರ್?

"ಸಾರ್, ಬಿಸಿಲು ಜಾಸ್ತಿಯಾಯ್ತು. ದಯವಿಟ್ಟು ಮನೆಗೆ ಹೋಗಿ. ಈ ಚಾಪೆ ಎತ್ತೋಕೆ ನನ್ನಿಂದ ಆಗಲ್ಲ. ಎತ್ತಿದ್ರೆ ನಿಮ್ಮ ವಕೀಲರು ಕೋರ್ಟಲ್ಲಿ ಅದನ್ನೇ ಹೇಳಿ ಶಿಕ್ಷೆ ಇಳಿಸ್ತಾರೆ. ನನ್ನ ತಮ್ಮನಂಥ ಎಷ್ಟು ಹುಡುಗರು ಹೋದ್ರು. ಅವರ ತಾಯಂದಿರ ಪರವಾಗಿ ಕ್ಷಮಿಸೋಕೆ ನಾನ್ಯಾರು?"

ಚಾಪೆಯೊಳಗೆ ಸಿನಿವಾ ಉಸಿರು ಬಿಗಿಹಿಡಿದಳು. ಒಳಗಿರುವುದು ಅಪ್ಪ ಎಂದುಕೊಂಡಿದ್ದಾನೆ! ಬೆಳಗಿನಿಂದ ಆಡಿದ್ದೆಲ್ಲ ಅಪ್ಪನಿಗೆ...

"ಇನ್ನೊಂದು ಮಾತು." ಅವನ ದನಿ ತಗ್ಗಿತು. "ನಿಮ್ಮ ಮಗಳನ್ನ ನನಗೆ ಕೊಡಿ ಅಂತ ನಿಮ್ಮ ಮನೆಗೆ ಬರಬೇಕು ಅಂತಿದ್ದೆ. ಈಗ ಯಾವ ಮುಖ ಇಟ್ಕೊಂಡು ಬರಲಿ? ಅವಳಪ್ಪನ್ನ ಜೈಲಿಗೆ ಕಳಿಸ್ತಿರೋನು ನಾನು. ನನ್ನ ನೋಡಿದಾಗೆಲ್ಲ ಅವಳಿಗೆ ನೀವೇ ನೆನಪಾಗ್ತೀರಿ. ಅದಕ್ಕೇ ಆ ಬೀದಿಗೇ ಹೋಗ್ತಿಲ್ಲ. ಹೋಗ್ದೇ ಇರೋಕೆ ಎಷ್ಟು ಕಷ್ಟ ಆಗ್ತಿದೆ ಅಂತ... ಛೆ, ಇದನ್ನೆಲ್ಲ ನಿಮ್ಮ ಹತ್ರ ಯಾಕೆ ಹೇಳ್ತಿದ್ದೀನೋ."

ಚಾಪೆ ಎತ್ತುವವರೆಗೆ ಒಳಗಿದ್ದವರು ಮಾತಾಡಬಾರದು. ಅದು ಹಿರಿಯರು ನಡೆಸಿಕೊಂಡು ಬಂದ ಕಟ್ಟಳೆ. ಸಿನಿವಾ ತುಟಿ ಕಚ್ಚಿಕೊಂಡಳು, ಅಂಗಿಯ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಆದರೂ ಅಳುವೂ ನಗುವೂ ಒಟ್ಟಿಗೇ ಉಕ್ಕಿಬಂದವು.

"ಅಪ್ಪನ್ನ ಕೇಳಿದ್ದಾಯ್ತು," ಎಂದಿತು ಚಾಪೆ. "ಮಗಳನ್ನ ಯಾವಾಗ ಕೇಳ್ತೀಯಾ?"

ಎರಡು ಕೈಗಳು ಥಟ್ಟನೆ ಚಾಪೆಯ ಅಂಚು ಹಿಡಿದು ಮೇಲೆತ್ತಿದವು. ಬೆಳಕು ಒಮ್ಮೆಲೇ ಕಣ್ಣಿಗೆ ಹೊಡೆಯಿತು. ಬೆವರು, ಧೂಳು, ಕಣ್ಣೀರು ಮೆತ್ತಿದ ಅವಳ ಮುಖವನ್ನು ಅವನು ಎರಡೂ ಅಂಗೈಯಲ್ಲಿ ಹಿಡಿದುಕೊಂಡ.

"ಬೆಳಗಿಂದ ನೀನಾ... ನಾನು ಏನೇನೋ ಅಂದೆ... ನಿನಗೆ ಕೇಳಿಸ್ತಾ?"

"ಎಲ್ಲಾ ಕೇಳಿಸ್ತು. ಕೊನೇದು ಚೆನ್ನಾಗಿತ್ತು."

ತಿರೇಸಾ ನೀರಿನ ಚೊಂಬು ಹಿಡಿದು ಓಡಿಬಂದಳು. ಸಿನಿವಾ ಅವಳ ಪಾದದ ಬಳಿ ಬಾಗಿ, ಅಂದು ಮೆಟ್ಟಿಲ ಮೇಲೆ ಆಡಿದ ಮಾತಿಗೆ ಕ್ಷಮೆ ಕೇಳಿದಳು. ತಿರೇಸಾ ಅವಳನ್ನು ಎಬ್ಬಿಸಿ ನೀರು ಕುಡಿಸಿದಳು, ಅಂದು ಮುಟ್ಟಲು ಹೋದ ಅದೇ ಕೆನ್ನೆಯನ್ನು ಮುಟ್ಟಿದಳು. ಆಮೇಲೆ ಮಗನಿಗೆ ಚೆನ್ನಾಗಿ ಬೈದಳು. ಹೆಂಗಸಿನ ಮಂಡಿಗೂ ಗಂಡಸಿನ ಮಂಡಿಗೂ ವ್ಯತ್ಯಾಸ ತಿಳಿಯದವನು ಎಂಥ ಪತ್ತೇದಾರನೋ ಎಂದಳು.

ಚಾಪೆಯ ಹೆಣಿಗೆ ಸವರುತ್ತಾ ಅವಳ ಕೈ ನಿಂತಿತು.

"ಇದು ಮದುವೆ ಚಾಪೆ ಅಲ್ವೇನೇ?"

ಸಿನಿವಾ ಹೌದೆಂದು ತಲೆಯಾಡಿಸಿದಳು.

"ಕ್ಷಮೆಗೆ ಬಂದ ಚಾಪೆ ನಮ್ಮನೇದಾಯ್ತು. ವಾಪಸ್ ಕೊಡಲ್ಲ. ಬೇಕಂದ್ರೆ ನೀನೇ ಬಂದು ಅದರ ಮೇಲೆ ಕೂತ್ಕೋ," ಎಂದು ತಿರೇಸಾ ಅದನ್ನು ಎದೆಗವಚಿಕೊಂಡು ಒಳಗೆ ನಡೆದಳು.

ಅಂಗಳದಲ್ಲಿ ಇಬ್ಬರೇ ಉಳಿದರು. ಅಪ್ಪನಿಗೆ ಶಿಕ್ಷೆಯಾಗುತ್ತದೆ, ಅವಳು ತಿಂಗಳು ತಿಂಗಳೂ ಜೈಲಿಗೆ ಪಾಲುಸಾಮಿ ಒಯ್ಯುತ್ತಾಳೆ, ಅದನ್ನು ಅವನು ತಡೆಯಬಾರದು. ಇಷ್ಟನ್ನು ಅವಳು ಹೇಳಿದಳು. ಡಬ್ಬಿ ಹೊರಲು ನಾನೂ ಬರ್ತೀನಿ ಎಂದ ಅವನು.

ಅವನು ಉಟ್ಟಿದ್ದು ಅದೇ ನೀಲಿ ಲಾವಲಾವ. ಅವಳು ಅದರ ಪಕ್ಕವನ್ನು ಮೆಲ್ಲಗೆ ತಟ್ಟಿದಳು.

"ಈಗಲಾದ್ರೂ ಜೇಬು ಬಿಚ್ಚಿಕೊಡಲಾ?"

"ಬೇಡ."

"ಮತ್ತೆ ಮದುವೆ ಉಂಗುರ ಎಲ್ಲಿಟ್ಕೊಂಡು ಬರ್ತೀಯಾ?"

ಫಾಲನಿಕೊ ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದ ಅವಳ ಬೆರಳನ್ನು ಹಿಡಿದುಕೊಂಡ.

"ಅದಕ್ಕೆ ಜೇಬು ಯಾಕೆ ಬೇಕು? ಇಲ್ಲಿ ಜಾಗ ಇದೆಯಲ್ಲ."