ಮ್ಯಾಪಿನಲ್ಲಿ ಹೂವು, ಹೊಲದಲ್ಲಿ ಈರುಳ್ಳಿ

“ಅಮ್ಮೀ, ಕಾಲ ಎತ್ತಕ್ಕೇಳು ಅವ್ರಿಗೆ! ಕಾಲ ಎತ್ತಕ್ಕೇಳು!”

ಅಜ್ಜಿ ಬದುವಿನ ಮೇಲೆ ನಿಂತು ಕೂಗುತ್ತಿದ್ದಳು. ಶಿವರಂಜಿನಿ ನೀರು ಹಾಯುವ ಕಾಲುವೆಯೊಳಗೆ ಓಡುತ್ತಿದ್ದಳು. ಹೊಲದ ನಟ್ಟನಡುವೆ, ಸಣ್ಣ ಈರುಳ್ಳಿಯ ಪಾತಿಯ ಮೇಲೆ, ಒಂದು ಸಂಸಾರವೇ ನಿಂತಿತ್ತು. ಕೂಲಿಂಗ್ ಗ್ಲಾಸ್ ಹಾಕಿದ ಅಂಕಲ್, ಹಳದಿ ಚೂಡಿದಾರದ ಆಂಟಿ, ಐಸ್‌ಕ್ರೀಮ್ ನೆಕ್ಕುತ್ತಿದ್ದ ಮಗು. ರಸ್ತೆಯ ಮೇಲೆ ಕೇರಳದ ನಂಬರಿನ ಕಾರು.

“ಪೂ ಎವಿಡೆ?” ಎಂದು ಅಂಕಲ್ ಕೇಳಿದರು.

ಹೂವು ಎಲ್ಲಿ ಅಂತ. ತೆರಕಣಾಂಬಿಯ ಮಕ್ಕಳಿಗೆ ಅಷ್ಟು ಮಲಯಾಳ ಬರುತ್ತದೆ.

“ಪೂ ಇಲ್ಲ ಅಂಕಲ್. ಉಳ್ಳಿ! ಉಳ್ಳಿ!” ಶಿವರಂಜಿನಿ ಅವರ ಬೂಟಿನ ಕೆಳಗಿದ್ದ ಈರುಳ್ಳಿಯನ್ನು ತೋರಿಸಿದಳು.

ಅಂಕಲ್ ತಮ್ಮ ಫೋನು ತೋರಿಸಿದರು. ಆಕಾಶದಿಂದ ತೆಗೆದ ಪಟ. ಪಂಪ್‌ಸೆಟ್ ಮನೆ, ಎರಡು ತೆಂಗಿನಮರ, ರಸ್ತೆಯ ತಿರುವು, ಎಲ್ಲವೂ ಸರಿಯಾದ ಜಾಗದಲ್ಲಿದ್ದವು. ನಡುವೆ ಇದೇ ಹೊಲ, ಕೇಸರಿ ಬಣ್ಣಕ್ಕೆ ಉರಿಯುತ್ತಿತ್ತು. ತುಂಬ ಚೆಂಡುಹೂವು.

ಅಂಕಲ್ ಫೋನು ನೋಡಿದರು, ಹೊಲ ನೋಡಿದರು, ಮತ್ತೆ ಫೋನು ನೋಡಿದರು. ಎರಡರಲ್ಲಿ ಅವರು ನಂಬಿದ್ದು ಫೋನನ್ನೇ. ಹೂವು ಹುಡುಕಿಕೊಂಡು ಇನ್ನೂ ನಾಲ್ಕು ಪಾತಿ ದಾಟಿ ಒಳಗೆ ಹೋದರು. ಕೊನೆಗೆ ಈರುಳ್ಳಿಯ ಜೊತೆಗೇ ಒಂದು ಸೆಲ್ಫಿ ತೆಗೆದುಕೊಂಡು ಹೊರಟರು.

ಕಳೆ ಕೀಳುತ್ತಿದ್ದ ಅವ್ವ ಎದ್ದು ಬಂದಳು. ಮಲಗಿದ್ದ ಈರುಳ್ಳಿ ಎಲೆಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸತೊಡಗಿದಳು. ಕೆಲವು ನಿಂತವು. ಮುರಿದವು ಮತ್ತೆ ಮಲಗಿದವು.

“ಗೆಡ್ಡೆ ದಪ್ಪಾಗೊ ಒತ್ನಲ್ಲಿ ತುಳುದ್ರೆ ಇನ್ನೇನ್ ಬಂದದು?” ಎಂದಳು ಅಜ್ಜಿ. “ಇವ್ರು ಹೂವಿಗ್ ಬರ್ತಿಲ್ಲ ಕಣಮ್ಮಿ. ಹೂವು ಅನ್ನದು ನೆವ. ನಮ್ಮೊಲದ ಪಟ ಫೋನ್ನಲ್ಲಿ ಇಟ್ಕಂಡವ್ರೆ ಅಂದ್ರೇನು? ಜಮೀನು ಅಳೀತಾವ್ರೆ. ರೋಡ್ ಮಾಡ್ತಾರಂತೆ, ಪುಟ್ಟರಾಜು ಟೀ ಅಂಗ್ಡೀಲಿ ಅಂದ.”

“ನಿನ್ನೆ ಏರೋಪ್ಲೇನ್ ಸ್ಟ್ಯಾಂಡು ಅಂದಿದ್ನಲ್ಲಜ್ಜಿ?”

“ಯಾವ್ದಾದ್ರೂ ಆಗ್ಲಿ, ಒಲ ಓಯ್ತದಲ್ಲ!”

ಹೀಗೆ ಕಾರುಗಳು ಬರತೊಡಗಿ ವಾರವಾಗಿತ್ತು. ಅವತ್ತಿನಿಂದ ಅಜ್ಜಿ ಸರಿಯಾಗಿ ಊಟ ಮಾಡಿರಲಿಲ್ಲ. ಮುದ್ದೆ ಮುರಿದು, ಸಾರಲ್ಲಿ ಅದ್ದಿ, ಬಾಯಿಗೆ ಇಡದೆ ರಸ್ತೆಯ ಕಡೆ ನೋಡುತ್ತಿದ್ದಳು. “ಯಾರೋ ನಮ್ಮೊಲದ ಗುರ್ತ ಕೊಟ್ಟವ್ರೆ. ಆ ಮನೆಹಾಳ ನನ್ ಕೈಗೆ ಸಿಕ್ಲಿ,” ಎನ್ನುತ್ತಿದ್ದಳು.

ಆ ಮನೆಹಾಳ ಯಾರೆಂದು ಶಿವರಂಜಿನಿಗೆ ಗೊತ್ತಿತ್ತು. ಅಜ್ಜಿಯ ಎದುರೇ ಕೂತು ಮುದ್ದೆ ನುಂಗುತ್ತಿದ್ದಳು.

ಆಗಿದ್ದಿಷ್ಟು. ಸುನೀಲ್ ಕುಮಾರ್ ಸರ್ ಒಂದು ದಿನ ಸ್ಮಾರ್ಟ್ ಕ್ಲಾಸಿನ ಟಿವಿಯಲ್ಲಿ ಮ್ಯಾಪ್ ಹಾಕಿದರು. ಮೊದಲೆಲ್ಲ ಮ್ಯಾಪಿನಲ್ಲಿ ಮೈಸೂರಿನ ಕಾರುಗಳೂ ಕಾಣುತ್ತಿದ್ದವು, ಇವರ ಊರು ಮಾತ್ರ ಪಾಚಿ ಕಟ್ಟಿದ ಕೆರೆಯ ಹಾಗೆ ಹಸಿರು ಹಸಿರಾಗಿ ಕಲಸಿಹೋಗಿತ್ತು. ಈಗ ಯಾರೋ ಕನ್ನಡಕ ಒರೆಸಿದ ಹಾಗೆ ಎಲ್ಲವೂ ಸ್ಪಷ್ಟ.

“ಸರ್, ನಮ್ಮನೆ! ನಮ್ಮನೆ ಸಿಂಟೆಕ್ಸ್!” ಎಂದು ಮೇಘನಾ ಬೆಂಚಿನ ಮೇಲೆ ಹತ್ತಿದಳು. ಅವಳ ಮನೆಯ ತಾರಸಿ, ಅದರ ಮೇಲಿನ ಕಪ್ಪು ಟ್ಯಾಂಕು, ಒಣಹಾಕಿದ ಕೆಂಪು ಜಮಖಾನ ಕೂಡ ಕಾಣುತ್ತಿತ್ತು.

ಶಿವರಂಜಿನಿಯ ಮನೆ ಹೊಂಗೆಮರದ ಕೆಳಗಿತ್ತು. ಟಿವಿಯಲ್ಲಿ ಬರೀ ಮರ ಕಂಡಿತು.

“ಇವ್ಳಿಗೆ ಮನೇನೇ ಇಲ್ಲ ಸರ್, ಕೋತಿ ತರ ಮರದಲ್ಲವ್ಳೆ!”

ಕ್ಲಾಸು ನಕ್ಕಿತು. ಶಿವರಂಜಿನಿ ಸಿಟ್ಟಿನಿಂದ ಟಿವಿಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದಳು. “ಇದು ನಮ್ಮೊಲ.” ಇಡೀ ಪರದೆಯಲ್ಲಿ ಅಷ್ಟು ಹೊಳೆಯುವ ಜಾಗ ಬೇರೆ ಇರಲಿಲ್ಲ. ಹುಡುಗರೆಲ್ಲ “ಓ” ಎಂದರು.

“ಅದು ಓದೊರ್ಷದ ಪಟ ಕಣೆ. ಈಗ ಅಲ್ಲಿ ಈರುಳ್ಳಿ ಅಲ್ವಾ?” ಎಂದಳು ಮೇಘನಾ.

“ಮ್ಯಾಪಲ್ಲಿ ಹೂವೇ ಇರದು.”

ಅವತ್ತು ಸಂಜೆ ಚಿಕ್ಕಪ್ಪ ಮಹಾಲಿಂಗನ ಫೋನು ತೆಗೆದುಕೊಂಡು ಆ ಕೇಸರಿ ಚೌಕದ ಮೇಲೆ ‘ಶಿವರಂಜಿನಿ ಫ್ಲವರ್ ಗಾರ್ಡನ್’ ಎಂದು ಹೆಸರು ಹಾಕಿದಳು. ಹೋದ ವರ್ಷ ಹೂವಿನ ನಡುವೆ ತೆಗೆದ ತನ್ನ ಫೋಟೋ ಕೂಡ ಸೇರಿಸಿದಳು. ಮೇಘನಾಗೆ ತೋರಿಸಲಿಕ್ಕೆ, ಅಷ್ಟೇ. ಓಣಂ ಹತ್ತಿರ ಬಂದಾಗ ಹೂವಿನ ಹೊಲ ಹುಡುಕಿಕೊಂಡು ಕೇರಳದ ಜನ ಗುಂಡ್ಲುಪೇಟೆಗೆ ಬರುವುದು ಅವಳಿಗೆ ಗೊತ್ತಿತ್ತು. ಅವರು ಹೆದ್ದಾರಿ ಬಿಟ್ಟು ಇಷ್ಟು ದೂರ ತನ್ನ ಹೆಸರನ್ನು ಹುಡುಕಿಕೊಂಡು ಬರುತ್ತಾರೆ ಎಂದು ಹೊಳೆದಿರಲಿಲ್ಲ.

ಕೂಲಿಂಗ್ ಗ್ಲಾಸಿನ ಅಂಕಲ್ ಬಂದುಹೋದ ರಾತ್ರಿಯೂ ಅಜ್ಜಿ ಊಟ ಬಿಟ್ಟಳು. ಶಿವರಂಜಿನಿ ಚಿಕ್ಕಪ್ಪನನ್ನು ಜಗುಲಿಗೆ ಕರೆದು ವಿಷಯ ಹೇಳಿದಳು.

ಚಿಕ್ಕಪ್ಪ ಮೊದಲು ಬೈದ. ಆಮೇಲೆ ಫೋನು ಒತ್ತಿದ. ಹೆಸರು ಹಾಕಲು ಒಂದು ನಿಮಿಷ ಸಾಕಾಗಿತ್ತು. ತೆಗೆಯಲು ಹೋದರೆ, ‘ನಿಮ್ಮ ಸಲಹೆಯನ್ನು ಪರಿಶೀಲಿಸುತ್ತಿದ್ದೇವೆ’ ಎಂದು ಬಂತು.

“ಯಾರು ಚಿಕ್ಕಪ್ಪ ಪರಿಶೀಲ್ಸದು?”

“ನಂಗೇನ್ ಗೊತ್ತಮ್ಮಿ? ನೋಡಿಲ್ಲಿ, ಬಂದೋರೆಲ್ಲ ಬರ್ದವ್ರೆ.” ಅವನು ಓದಿದ. “‘ಜಾಗ ಸರಿಯಾಗಿದೆ. ಹೂವಿಲ್ಲ. ಒಬ್ಬ ಅಜ್ಜಿ ಬೈಯುತ್ತಾರೆ.’ ಎರಡು ಸ್ಟಾರು. ಇನ್ನೊಬ್ರು, ‘ಅಜ್ಜಿ ತುಂಬ ಚೆನ್ನಾಗಿ ಬೈಯುತ್ತಾರೆ.’ ನಾಕು ಸ್ಟಾರು.”

“ಏನ್ಲಾ ಅದು, ಅಜ್ಜಿ ಅಜ್ಜಿ ಅಂತೀಯೆ?” ಬಾಗಿಲಲ್ಲಿ ಅಜ್ಜಿ ನಿಂತಿದ್ದಳು.

ಇನ್ನು ಮುಚ್ಚಿಡಲು ಆಗಲಿಲ್ಲ. ಶಿವರಂಜಿನಿ ಎಲ್ಲವನ್ನೂ ಹೇಳಿದಳು. ಟಿವಿ, ಹೊಂಗೆಮರ, ಕೋತಿ, ಹೆಸರು. ಹೇಳಿ ಮುಗಿಸಿ, ಏಟು ಬೀಳುವ ಕಡೆಗೆ ಕೆನ್ನೆ ಕೊಟ್ಟು ಕಣ್ಣು ಮುಚ್ಚಿದಳು.

ಏಟು ಬೀಳಲಿಲ್ಲ. “ಅಂಗಾರೆ ರೋಡಿಲ್ವಾ?” ಎಂದಳು ಅಜ್ಜಿ. “ಒಲ ತಗಳ್ಳಲ್ವಾ?”

“ಇಲ್ಲ ಕಣವ್ವ. ಅವ್ರು ಹೂವಿಗೇ ಬರ್ತಿರದು,” ಎಂದ ಚಿಕ್ಕಪ್ಪ.

“ಅಯ್ಯೋ ಮುಂಡೇದೆ!” ಅಜ್ಜಿ ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಬಂತು. ಆಮೇಲೆ ಒಂದು ಇಡೀ ಮುದ್ದೆ ಉಂಡಳು. ಉಂಡಾದ ಮೇಲೆ ಮ್ಯಾಪ್ ತೋರಿಸು ಎಂದಳು. ಕೇಸರಿ ಹೊಲವನ್ನು ಹತ್ತಿರದಿಂದ ನೋಡಿದಳು, ದೂರ ಹಿಡಿದು ನೋಡಿದಳು.

“ಮೇಲಿಂದ ನೋಡುದ್ರೆ ಇಂಗಿತ್ತಾ ನಮ್ಮೊಲ! ಅದ್ಸರಿ, ನಂಗೆ ಎರ್ಡೇ ಸ್ಟಾರ್ ಕೊಟ್ಟೋನು ಯಾವನ್ಲಾ?”

ಮರುದಿನ ಭಾನುವಾರ. ಅಜ್ಜಿ ತಲೆ ಬಾಚಿ, ಸಂತೆಗೆ ಉಡುವ ಸೀರೆ ಉಟ್ಟು ಹೊಲಕ್ಕೆ ಹೊರಟಳು. ಅವ್ವ ಹಳೆಯ ಸೀರೆಯಲ್ಲೇ ಮುಂಚೆ ಹೋಗಿದ್ದಳು.

ಹೊತ್ತು ಏರುವಷ್ಟರಲ್ಲಿ ಒಂದು ಕಾರು ಬಂತು. ದೊಡ್ಡ ಕ್ಯಾಮೆರಾದ ಒಬ್ಬ ಅಕ್ಕ ಇಳಿದಳು. ಅವಳಿಗೆ ಅಷ್ಟಿಷ್ಟು ಕನ್ನಡ ಬರುತ್ತಿತ್ತು. ಅಜ್ಜಿ ಬೈಯಲಿಲ್ಲ. “ಬನ್ನಿ ಬನ್ನಿ, ಹೂವು ಓದೊರ್ಷ ಇತ್ತು. ಇವ್ಳೇ ನಮ್ ಶಿವರಂಜಿನಿ,” ಎಂದು ಮೊಮ್ಮಗಳನ್ನು ಮುಂದೆ ತಳ್ಳಿದಳು.

“ಗಾರ್ಡನ್ ಓನರ್ ನೀನಾ ಮೋಳೆ?” ಅಕ್ಕ ನಕ್ಕಳು. ಮೋಳೆ ಅಂದರೆ ಮಲಯಾಳದಲ್ಲಿ ಮಗಳೇ ಅಂತ. “ಹೂ ಇಲ್ಲಾಂದ್ರೆ ಸಾರಮಿಲ್ಲ, ಪರ್ವಾಗಿಲ್ಲ. ಇದೂ ಚೆಂದ ಇದೆ. ನಿಂದೊಂದು ಹೊಸ ಫೋಟೋ ತೆಗ್ದು ಮ್ಯಾಪಲ್ಲಿ ಹಾಕ್ತೀನಿ. ಫೈವ್ ಸ್ಟಾರ್ ಕೊಡ್ತೀನಿ. ಹೋಗು, ಅಲ್ಲಿ ಸೆಂಟರಲ್ಲಿ ನಿಂತ್ಕೋ.”

“ಓಗಮ್ಮಿ, ಓಗು,” ಎಂದಳು ಅಜ್ಜಿ, ಸೆರಗು ಸರಿ ಮಾಡಿಕೊಳ್ಳುತ್ತ. “ನಾನೂ ಬತ್ತೀನಿ. ಆ ಮೇಘನಾ ನೋಡ್ಲಿ.”

ಮೇಘನಾ ಖಂಡಿತ ನೋಡುತ್ತಾಳೆ. ಇಡೀ ಕ್ಲಾಸು ನೋಡುತ್ತದೆ. ಶಿವರಂಜಿನಿ ಬದುವಿನ ತುದಿಗೆ ಬಂದು ನಿಂತಳು.

ಅಲ್ಲಿಂದ ಹೊಲ ಪೂರ್ತಿ ಕಾಣುತ್ತಿತ್ತು. ರಸ್ತೆಯಿಂದ ನಡುವಿನವರೆಗೆ ಹಸಿರಿನ ಮೇಲೆ ವಕ್ರವಕ್ರವಾಗಿ ಒಂದು ದಾರಿ ಬಿದ್ದಿತ್ತು. ಅದು ನಡುವೆ ಕವಲೊಡೆದು ಮೂರಾಗಿತ್ತು. ಆ ದಾರಿಯನ್ನು ಇವರ ಮನೆಯವರು ಯಾರೂ ಮಾಡಿರಲಿಲ್ಲ. ಅದರ ಕೊನೆಯಲ್ಲಿ ಅವ್ವ ಕುಕ್ಕರುಗಾಲಲ್ಲಿ ಕೂತು, ನಿಲ್ಲಬಹುದಾದ ಎಲೆಗಳ ಬುಡಕ್ಕೆ ಮಣ್ಣು ಒತ್ತುತ್ತಿದ್ದಳು. ಇಲ್ಲಿಂದಲೇ ಅವಳು ಇಷ್ಟೇ ಇಷ್ಟು ಕಾಣುತ್ತಿದ್ದಳು. ಆಕಾಶದಿಂದ ಕಾಣುತ್ತಲೇ ಇರಲಿಲ್ಲ.

“ಬೇಗ ಮೋಳೆ, ಬೆಳಕು ಚೆನ್ನಾಗಿದೆ,” ಎಂದಳು ಅಕ್ಕ.

“ನಾ ಒಳಕ್ಕೆ ಇಳಿಯಲ್ಲ.”

“ಒಂದೇ ಫೋಟೋ.”

“ಬ್ಯಾಡ,” ಎಂದಳು ಶಿವರಂಜಿನಿ.