ಹೆಚ್ಚಿಗೆ ಬರೆದ ಆರು ಗಂಟೆ

"ಇದು ನಿಮ್ಮ ಕೈಬರಹ ತಾನೇ?"

ಮುದುಡಿದ ಹಾಳೆಯೊಂದು ಮೇಜಿನ ಮೇಲೆ ಬಿತ್ತು. ಅವಳು ತಲೆಯೆತ್ತಿದಳು. ಅವನೇ! ಹಾಲಿನ ಟ್ಯಾಂಕರ್ ಡ್ರೈವರ್!

ಗಡಿ ದಾಟುವವರ ಮೂಗಿಗೆ ಕಡ್ಡಿ ಹಾಕಿ, ಸೋಂಕಿಲ್ಲವೆಂದು ಬರೆದುಕೊಡುವುದು ಅವಳ ಕೆಲಸ. ಡ್ರೈವರುಗಳಿಗೆಲ್ಲ ಅವಳು 'ಮೂಗಿನ ಮೇಡಂ'. ಪರೀಕ್ಷೆಯ ಹೊತ್ತಿನಿಂದ ಎಪ್ಪತ್ತೆರಡು ಗಂಟೆ ಮಾತ್ರ ಆ ಹಾಳೆಗೆ ಬೆಲೆ; ಅಷ್ಟರೊಳಗೆ ಈಚೆ ಮರಳಬೇಕು. ಹಾಗಾಗಿ ಇವನು ಮೂರು ದಿನಕ್ಕೊಮ್ಮೆ ಬರುತ್ತಿದ್ದ, ಸೀನುತ್ತಿದ್ದ, ಅವಳನ್ನು ನಗಿಸಿ ಹೋಗುತ್ತಿದ್ದ. ಹದಿನೈದು ದಿನದಿಂದ ಪತ್ತೆಯೇ ಇರಲಿಲ್ಲ. ದಾರಿ ನೋಡಿ ನೋಡಿ ಅವಳು ಸೋತಿದ್ದಳು...

"ಹೌದು, ನಂದೇ. ಏನಾಯ್ತು?"

"ನೀವು ಟೆಸ್ಟ್ ಮಾಡಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ಬರೆದಿದ್ದು ಸಂಜೆ ಆರು ಅಂತ. ಆಚೆ ಗೇಟಿಗೆ ನಾನು ಮೂರಕ್ಕೇ ಹೋದೆ! ಆಗದೇ ಇರೋ ಟೆಸ್ಟಿನ ರಿಪೋರ್ಟ್ ಹೇಗಯ್ಯಾ ತಂದೆ ಅಂತ ನಕ್ಕರು. ಹದಿನಾಲ್ಕು ದಿನ ಕ್ವಾರಂಟೈನ್ ಶೆಡ್ಡಲ್ಲಿ ಕೂಡಿಹಾಕಿ, ಮತ್ತೆ ಈಚೆಗೇ ಅಟ್ಟಿದರು."

ಅವಳಿಗೆ ಈಗ ಅರ್ಥವಾಯಿತು. ದಾರಿಯುದ್ದಕ್ಕೂ ಹಾಲು ಇಳಿಸಿ ಆಚೆ ಗೇಟಿಗೆ ರಾತ್ರಿ ತಲುಪುವವನು, ಅಂದು ಆಚೆ ಊರಿನಲ್ಲಿದ್ದ ಅಮ್ಮನಿಗೆ ಸೀರಿಯಸ್ ಎಂದು ನೇರವಾಗಿ ಓಡಿದ್ದ. ಅಯ್ಯೋ, ನನಗೇಕೆ ಹೊಳೆಯಲಿಲ್ಲ!

"ಅಮ್ಮ...?"

"ಐದನೇ ದಿನ ಹೋಗ್ಬಿಟ್ರು. ಶೆಡ್ಡಿನ ಕಿಟಕಿಯಿಂದ ಆಸ್ಪತ್ರೆ ಕಾಣ್ತಿತ್ತು, ಮೇಡಂ. ಅಷ್ಟೇ ದೂರ."

ಅವಳಿಗೆ ಅಳು ಉಕ್ಕಿ ಬಂತು. "ನಾನು ಬೇಕಂತಲೇ ಹಾಗೆ ಬರೆದೆ. ನೀವು ಅಮ್ಮನ ಹತ್ರ ಆರು ಗಂಟೆ ಹೆಚ್ಚಿಗೆ ಇರ್ಲಿ ಅಂತ..."

ಅವನು ದಂಗಾದ. "ಅವಸರದಲ್ಲಿ ತಪ್ಪು ಬರೆದಿರಿ ಅಂದ್ಕೊಂಡಿದ್ದೆ."

"ನನ್ನ ಹೆಸರು ಹೇಳಬೇಕಿತ್ತು ನೀವು!"

"ನಿಮ್ಮ ಕೆಲಸ ಹೋಗ್ತಿತ್ತು. ನಾನೇ ತಿದ್ದಿದೆ ಅಂದೆ. ಹೇಳಿದ್ರೆ ಬಿಡ್ತಿದ್ರೋ ಏನೋ... ಈಗ ಯಾರಿಗೆ ಗೊತ್ತು?"

"ನನ್ನ ಕೆಲಸದ ಚಿಂತೆ ನಿಮಗ್ಯಾಕಿತ್ತು?"

"ನನ್ನ ಆರು ಗಂಟೆ ಚಿಂತೆ ನಿಮಗ್ಯಾಕಿತ್ತು?"

ಇಬ್ಬರಿಗೂ ಉತ್ತರ ಗೊತ್ತಿತ್ತು. ಆದರೆ ಖುಷಿಪಡುವ ಹೊತ್ತು ಅದಾಗಿರಲಿಲ್ಲ. ಕ್ಷಮಿಸಿ ಎಂದರೆ ಅಮ್ಮ ಬರುತ್ತಾರೆಯೇ?

ಅವನು ಕುರ್ಚಿಯಲ್ಲಿ ಕುಸಿದು ಕೂತ. "ಇನ್ನೊಂದು ಹಾಳೆ ಕೊಡಿ. ಅಮ್ಮನ ಮನೆ ಖಾಲಿ ಮಾಡಿ ಅಂತ ಮಾಲೀಕರು ಫೋನ್ ಮೇಲೆ ಫೋನ್."

ಅವಳು ಪರೀಕ್ಷೆ ಮುಗಿಸಿದಳು. ಗಡಿಯಾರ ಎರಡೆರಡು ಬಾರಿ ನೋಡಿ ಹೊತ್ತು ಬರೆದಳು. ಆಮೇಲೆ ಮೆಲ್ಲಗೆ ಅಂದಳು, "ನಾಳೆ ನಂಗೆ ರಜೆ. ನಾನೂ ಬರ್ತೀನಿ."

"ಎಲ್ಲಿಗೆ? ಅಲ್ಲಿ ನನ್ನೋರು ಅಂತ ಯಾರೂ ಇಲ್ಲ ಈಗ."

"ಅದಕ್ಕೇ ಬರ್ತೀನಿ ಅಂದಿದ್ದು."

ಅವನು ಹಾಳೆಯನ್ನು ಜೇಬಿಗಿಟ್ಟ. ಕಣ್ಣೊರೆಸಿಕೊಂಡ.

"ಅಮ್ಮನ ಸೀರೆಗಳನ್ನ ಮುಟ್ಟೋಕೆ ನನ್ನ ಕೈಲಾಗಲ್ಲ... ನೀವು ಮಡಚಿಡ್ತೀರಾ?"