ಸಲಹೆಗಾರರ ಕುರ್ಚಿ

ಬಾಗಿಲು ತೆಗೆದ ಭಾವನ ಕಣ್ಣಿಗೆ ಮೊದಲು ಬಿದ್ದದ್ದು ಬಂದವಳ ಚಪ್ಪಲಿ. ಒಂದು ಕಪ್ಪು, ಇನ್ನೊಂದು ಕಂದು. ಈ ಹೆಂಗಸು ರಾತ್ರಿಯಿಡೀ ಕಣ್ಣು ಮುಚ್ಚಿಲ್ಲ ಎಂಬುದು ಅವಳ ಮುಖ ನೋಡುವ ಮೊದಲೇ ಅವನಿಗೆ ಗೊತ್ತಾಯಿತು.

"ಸೂಜಿಯಮ್ಮ ಇದಾರಾ? ನನ್ನ ಗಂಡನ್ನ ಪೊಲೀಸರು ಕರ್ಕೊಂಡು ಹೋಗಿದಾರೆ."

ಸೂಜಿಯಮ್ಮ ಎಂದರೆ ಭಾವನ ನಾದಿನಿ. ಪೊಲೀಸ್ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆ ಶುರುಮಾಡಿದ ಮೇಲೆ ಊರಿನವರು ಇಟ್ಟ ಹೆಸರು ಅದು. ಹೆಂಡತಿ ತೀರಿಕೊಂಡ ಮೇಲೆ ಭಾವ ತನ್ನ ಔಷಧಿ ಅಂಗಡಿ ಮಾರಿ ಈ ಮನೆಯ ಮಹಡಿಗೆ ಬಂದು ನೆಲೆಸಿದ್ದ. ಕಾರು ಓಡಿಸುವುದು, ಕಾಫಿ ಮಾಡುವುದು, ತಪ್ಪು ಊಹೆ ಮಾಡುವುದು ಅವನ ಪಾಲಿನ ಕೆಲಸ.

"ಕೂತ್ಕೊಳಮ್ಮ. ನಿಧಾನವಾಗಿ ಹೇಳು," ಎಂದಳು ಸೂಜಿಯಮ್ಮ.

ಗಂಡ ಹೆಂಡತಿ ಇಬ್ಬರೂ ಸ್ವಂತ ಮನೆಗಾಗಿ ಬಹಳ ಕಾಲದಿಂದ ಅಲೆಯುತ್ತಿದ್ದರು. ಗೃಹಸಾಲ ಕೊಡಿಸುವ ದಲ್ಲಾಳಿಯೊಬ್ಬ ಅವರಿಗೆ ಒಂದು ಹೊಸ ಮನೆ ತೋರಿಸಿ, ಸಾಲವನ್ನೂ ತಾನೇ ಕೊಡಿಸುತ್ತೇನೆಂದು ಅವಸರ ಮಾಡಿದ್ದ. ಅವನ ಅವಸರ ಕಂಡು ಹೆಂಡತಿಗೆ ಅಳುಕು. ದಲ್ಲಾಳಿಯ ಕಚೇರಿ ಇದ್ದ ಮಹಡಿಯಲ್ಲೇ, ಅವನ ಎದುರು ಕೋಣೆಯಲ್ಲಿ, ಗೃಹಸಾಲದ ವಯಸ್ಸಾದ ಸಲಹೆಗಾರರೊಬ್ಬರಿದ್ದರು. ಅವಳು ಗಂಡನನ್ನು ಅವರ ಹತ್ತಿರ ಕರೆದುಕೊಂಡು ಹೋಗಿದ್ದಳು.

"ಅವರು ಮೇಜಿನ ಆ ಕಡೆ ಕೂರೋರಲ್ಲ ಅಮ್ಮಾ. ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿ, ಕುರ್ಚಿ ತಳ್ಕೊಂಡು ಬಂದು ನಮ್ಮ ಬಲಗಡೆ ಕೂರೋರು. 'ನನ್ನ ಬಲಗಿವಿ ಬರೀ ಅಲಂಕಾರಕ್ಕೆ, ಈ ಕಡೆಯಿಂದ ಮಾತಾಡಿ' ಅಂತ ನಗೋರು. ಈ ಬಡ್ಡಿ ಯಾಕೆ, ಈ ಖರ್ಚು ಯಾರಿಗೆ ಹೋಗುತ್ತೆ, ಎಲ್ಲಾ ಬಿಡಿಸಿ ಹೇಳೋರು. ನಿನ್ನೆ ಇವರಿಗೆ ಫೋನ್ ಮಾಡಿ, ಆ ಮನೆ ತಗೋಬೇಡಿ, ಕಾರಣ ನಾಳೆ ಹೇಳ್ತೀನಿ ಅಂದ್ರಂತೆ."

"ನಿನ್ನ ಗಂಡನಿಗೆ ಸಿಟ್ಟು ಬಂತು."

"ಆ ಮನೆ ಮೇಲೆ ಪ್ರಾಣ ಇಟ್ಕೊಂಡಿದ್ರು. ಸಂಜೆ ಒಬ್ಬರೇ ಹೋಗಿ ಬಾಯಿಗೆ ಬಂದ ಹಾಗೆ ಕೂಗಾಡಿ ಬಂದ್ರು. ಕುರ್ಚಿ ಮೇಲೂ ಕೂತಿಲ್ವಂತೆ. ಆಮೇಲೆ ಯಾರೋ ಸಲಹೆಗಾರರ ತಲೆಗೆ ಹೊಡೆದಿದಾರೆ. ಆಸ್ಪತ್ರೆಲಿ ಇನ್ನೂ ಪ್ರಜ್ಞೆ ಬಂದಿಲ್ಲ."

ಸೂಜಿಯಮ್ಮ ಎದ್ದು ಕಾರಿನ ಕೀಲಿಯನ್ನು ಭಾವನ ಕೈಗಿತ್ತಳು.

ಸಲಹೆಗಾರರ ಕೋಣೆಯ ಗಾಜಿನ ಬಾಗಿಲಲ್ಲಿ ಇನ್ಸ್‌ಪೆಕ್ಟರ್ ನಿಂತಿದ್ದ. ಒಂದು ಕಾಲದಲ್ಲಿ ಸೂಜಿಯಮ್ಮನ ಕೈಕೆಳಗೆ ಪಳಗಿದವನು. ಒಳಗೆ ಗಿರಾಕಿಗಳ ಎರಡು ಕುರ್ಚಿಗಳು ಬಾಗಿಲಿಗೆ ಬೆನ್ನು ಮಾಡಿದ್ದವು. ಅವುಗಳ ಎಡಕ್ಕೆ, ಒತ್ತಿಕೊಂಡಂತೆ, ಸಲಹೆಗಾರರ ಗಾಲಿ ಕುರ್ಚಿ. ಕಂಪ್ಯೂಟರ್ ಪರದೆ ಅದೇ ಕಡೆ ತಿರುಗಿತ್ತು. ನೆಲದ ರಕ್ತದ ಕಲೆ ನೋಡಿ ಭಾವ ಮುಖ ತಿರುಗಿಸಿದ.

"ಕಲ್ಲಿನ ಪೇಪರ್‌ವೇಟಿಂದ ಹೊಡೆದಿದಾರೆ, ಒರೆಸಿಟ್ಟಿದಾರೆ," ಎಂದ ಇನ್ಸ್‌ಪೆಕ್ಟರ್. "ದಲ್ಲಾಳಿಗಳು ಬಂದ್ರೆ ಇವರು ಮೇಜಿನ ಹಿಂದೆ ಕೂರ್ತಾರೆ, ಗಿರಾಕಿ ಬಂದ್ರೆ ಮಾತ್ರ ಪಕ್ಕಕ್ಕೆ ಬರ್ತಾರೆ. ಕುರ್ಚಿ ನೋಡಿ ಮೇಡಂ. ಕೊನೇಲಿ ಇದ್ದಿದ್ದು ಗಿರಾಕಿನೇ. ಜಗಳ ಆಡಿದ್ದೂ ಅವನೇ."

"ಈ ಕುರ್ಚಿಗಳನ್ನ ಯಾರಾದ್ರೂ ಮುಟ್ಟಿದಾರಾ?"

"ಇಲ್ಲ. ಸ್ಟ್ರೆಚರ್ ಕೂಡ ಮೇಜಿನ ಆ ಕಡೆಯಿಂದ ತಂದ್ರು."

ಮೂಲೆಯಲ್ಲಿ ಕಚೇರಿಯ ಸಹಾಯಕಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಸಲಹೆಗಾರರ ಜೊತೆ ತಲೆ ನರೆಯುವಷ್ಟು ಕಾಲ ದುಡಿದವಳು. ಜಗಳ ಮುಗಿದ ಮೇಲೆ ಅವರ ತಲೆನೋವಿಗೆ ಮಾತ್ರೆ ತರಲು ಹೋಗಿ, ಬಂದು ನೋಡಿದರೆ ಬಿದ್ದಿದ್ದರಂತೆ.

"ಅವರ ಕಿವಿ ವಿಷಯ ಯಾರ್ಯಾರಿಗೆ ಗೊತ್ತಿತ್ತು?" ಸೂಜಿಯಮ್ಮ ಮೆಲ್ಲಗೆ ಕೇಳಿದಳು.

"ನನಗೆ, ಗಿರಾಕಿಗಳಿಗೆ. ದಲ್ಲಾಳಿಗಳಿಗೆ ಹೇಳ್ತಿರಲಿಲ್ಲ. ಕಿವುಡ ಅಂತ ಆಡ್ಕೊಂಡು ವ್ಯಾಪಾರ ಕೆಡಿಸ್ತಾರೆ ಅನ್ನೋರು."

ಎದುರು ಕೋಣೆ ಮೊದಲು ಸಲೂನ್ ಆಗಿತ್ತು. ಗೋಡೆಯಗಲದ ಕನ್ನಡಿ ಹಾಗೇ ಉಳಿದಿತ್ತು. ಅದರ ಎದುರಿಗೇ ಮೇಜು ಹಾಕಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ ದಲ್ಲಾಳಿ ಎದ್ದು ಕೈಮುಗಿದ. ಇಸ್ತ್ರಿ ಮುರಿಯದ ಅಂಗಿ, ಬೆಣ್ಣೆಯಂಥ ಮಾತು.

"ಪಾಪ, ದೊಡ್ಡ ಮನುಷ್ಯರು. ಆದ್ರೆ ನಾನು ಅವರ ಕೋಣೆಗೆ ಒಂದು ಸಲಾನೂ ಕಾಲಿಟ್ಟಿಲ್ಲ. ನಿನ್ನೆ ಜಗಳ ಕಿವಿಗೆ ಬಿತ್ತು, ಅಷ್ಟೇ."

"ನನಗೆ ಸೊಂಟ ಹಿಡ್ಕೊಂಡಿದೆ. ನಿಮ್ಮ ಕುರ್ಚಿ ಕೊಡ್ತೀರಾ?"

ಭಾವನಿಗೆ ಆಶ್ಚರ್ಯವಾಯಿತು. ಈಗಷ್ಟೇ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬಂದವಳಿಗೆ ಎಲ್ಲಿಯ ಸೊಂಟ? ಸೂಜಿಯಮ್ಮ ಆ ಕುರ್ಚಿಯಲ್ಲಿ ಕೂತು ಕನ್ನಡಿಯನ್ನೇ ದಿಟ್ಟಿಸಿದಳು. ಭಾವ ಅದೇ ಕನ್ನಡಿಯಲ್ಲಿ ತನ್ನ ಉಳಿದ ಕೂದಲನ್ನು ಸರಿಮಾಡಿಕೊಂಡ.

ಹೊರಗೆ ಬಂದ ಮೇಲೆ ಅವನು ಪಿಸುಗುಟ್ಟಿದ. "ನನಗೇನೋ ಆ ಸಹಾಯಕಿ ಮೇಲೆ ಅನುಮಾನ. ಮಾತ್ರೆ ನೆಪ ಮಾಡಿ..."

"ನೀವು ಹಾಗಂದ್ರೆ ನನಗೆ ಧೈರ್ಯ ಬರುತ್ತೆ ಭಾವ," ಎಂದಳು ಅವಳು. ಆದರೆ ಮುಖದಲ್ಲಿ ನಗುವಿರಲಿಲ್ಲ. "ಆಸ್ಪತ್ರೆಯಿಂದ ಕೆಟ್ಟ ಸುದ್ದಿ ಬಂದ್ರೆ ಆ ಹುಡುಗನ ಮೇಲೆ ಕೊಲೆ ಕೇಸ್ ಬೀಳುತ್ತೆ. ಎಲ್ಲರನ್ನೂ ಇಲ್ಲಿಗೇ ಕರೆಸೋಣ. ಅಷ್ಟರಲ್ಲಿ ನೀವು ಆ ಮನೆಯ ಜಾಗದ ಬಗ್ಗೆ ವಿಚಾರಿಸಿ ಬನ್ನಿ."

ಮಧ್ಯಾಹ್ನ ಎಲ್ಲರೂ ಸಲಹೆಗಾರರ ಕೋಣೆಯಲ್ಲಿ ಸೇರಿದರು. ಒಂದೇ ರಾತ್ರಿಗೆ ಇಳಿದುಹೋದ ಗಂಡ, ಅವನ ತೋಳು ಹಿಡಿದ ಹೆಂಡತಿ, ಸಹಾಯಕಿ, ದಲ್ಲಾಳಿ. ಗಾಲಿ ಕುರ್ಚಿಯನ್ನು ಸೂಜಿಯಮ್ಮ ಮೊದಲೇ ಮೇಜಿನ ಹಿಂದಕ್ಕೆ ತಳ್ಳಿಸಿದ್ದಳು. ದಲ್ಲಾಳಿಯನ್ನು ಗಿರಾಕಿಯ ಕುರ್ಚಿಯಲ್ಲಿ ಕೂರಿಸಿ, ಸಲೀಸಾಗಿ ಕೇಳಿದಳು.

"ಭಾವ ಈಗ ಸಲಹೆಗಾರರು ಅಂದ್ಕೊಳ್ಳಿ. ಗಿರಾಕಿ ಜೊತೆ ಅವರು ಹೇಗೆ ಕೂರೋರು? ಎದುರು ಕೋಣೆಯಿಂದ ದಿನಾ ಕಾಣುತ್ತಲ್ಲ. ಎಲ್ಲಿಗೆ ಬರ್ಲಿ ಇವರು?"

"ಇಲ್ಲಿಗೆ," ಎಂದು ದಲ್ಲಾಳಿಯ ಎಡಗೈ ಪಕ್ಕದ ಖಾಲಿ ಜಾಗ ತೋರಿಸಿತು.

"ಅಲ್ಲ, ಆ ಕಡೆ ಅವರಿಗೆ ಕೇಳಿಸಲ್ಲ!" ಗಂಡನ ಬಾಯಿಂದ ತಾನಾಗಿ ಬಂತು. "ಬಲಗಡೆ ಕೂರೋರು." ಸಹಾಯಕಿ ತಲೆಯಾಡಿಸಿದಳು.

ದಲ್ಲಾಳಿ ಚಾಚಿದ ಎಡಗೈಯನ್ನು ಹಿಂದಕ್ಕೆಳೆದುಕೊಂಡ.

"ಕೇಳಿ ಇನ್ಸ್‌ಪೆಕ್ಟರೇ," ಎಂದಳು ಸೂಜಿಯಮ್ಮ. "ನೀವು ಬಂದಾಗ ಅವರ ಕುರ್ಚಿ ಎಡಗಡೆ ಇತ್ತು. ಕೇಳದ ಕಿವಿಯನ್ನ ಗಿರಾಕಿ ಕಡೆ ಮಾಡಿ ಅವರು ಯಾವತ್ತೂ ಕೂರಲ್ಲ. ಹಾಗಾದ್ರೆ ಹೊಡೆದ ಮೇಲೆ, ತಪ್ಪು ಗಿರಾಕಿ ತಲೆಗೆ ಬರ್ಲಿ ಅಂತ ಯಾರೋ ಕುರ್ಚಿ ಜೋಡಿಸಿದಾರೆ. ಈ ಹುಡುಗ ಆಗಿದ್ರೆ ತನ್ನ ಕುತ್ತಿಗೆಗೆ ತಾನೇ ಹಗ್ಗ ಯಾಕೆ ಹಾಕ್ಕೋತಾನೆ? ಕಚೇರಿಯ ಈಯಮ್ಮ ಆಗಿದ್ರೆ ಬಲಗಡೆ ಇಡೋರು. ಜೋಡಿಸಿದವರಿಗೆ ಅವರು ಗಿರಾಕಿ ಪಕ್ಕ ಕೂರೋದು ಗೊತ್ತು, ಯಾವ ಪಕ್ಕ ಅನ್ನೋದು ಮಾತ್ರ ಉಲ್ಟಾ ಗೊತ್ತು. ಎಡ ಬಲ ಅದಲು ಬದಲಾಗಿ ಕಾಣೋದು ಎಲ್ಲಿಂದ? ಎದುರು ಕೋಣೆಲಿ ಈ ಕಡೆ ಬೆನ್ನು ಮಾಡಿ ಕೂತು, ಇಲ್ಲಿರೋದನ್ನ ಕನ್ನಡಿಲಿ ನೋಡಿದ್ರೆ. ನಾನೇ ಕೂತು ನೋಡಿದೆ. ಈ ಕೋಣೆಯ ಬಲಗಡೆ ಇರೋ ಕಿಟಕಿ ಕನ್ನಡಿಲಿ ಎಡಕ್ಕೆ ಬಂದಿತ್ತು. ದಿನವಿಡೀ ನೋಡಿದ್ದು ಗಾಬರಿಲಿ ಕೈಗೆ ಬಂತು. ಈಗಲೂ ಬಂತು."

"ಕನ್ನಡಿ ನೋಡೋದು ಅಪರಾಧನಾ?" ದಲ್ಲಾಳಿಯ ದನಿಯಲ್ಲಿ ಬೆಣ್ಣೆ ಉಳಿದಿರಲಿಲ್ಲ.

"ಅಲ್ಲ. ಆ ಮನೆ ಕಟ್ಟಿರೋ ಜಾಗದ ಮೇಲೆ ಕೋರ್ಟಲ್ಲಿ ವ್ಯಾಜ್ಯ ಇರೋದನ್ನ ಮುಚ್ಚಿಟ್ಟು ಮಾರಿಸೋದು ಅಪರಾಧ. ಇಲ್ಲಿಂದ ಹೋದ ಮೇಲೆ ಭಾವ ಅದನ್ನೇ ವಿಚಾರಿಸ್ಕೊಂಡು ಬಂದಿದಾರೆ. ಸಲಹೆಗಾರರೂ ಅದನ್ನ ಪತ್ತೆ ಮಾಡಿದ್ರು. ಇವತ್ತು ಇವರಿಬ್ಬರಿಗೂ ಹೇಳೋರಿದ್ರು."

ದಲ್ಲಾಳಿ ಬಾಗಿಲ ಕಡೆ ನೋಡಿದ. ಅಲ್ಲಿ ಇನ್ಸ್‌ಪೆಕ್ಟರ್ ನಿಂತಿದ್ದ. ದಲ್ಲಾಳಿ ನೆಲ ನೋಡುತ್ತಾ ಮಾತಾಡಿದ.

"ಸುಮ್ಮನಿರಿ ಅಂತ ಬೇಡ್ಕೊಳ್ಳೋಕೆ ಹೋಗಿದ್ದೆ. ಅವರು ಮೇಜಿನ ಹಿಂದೆ ಕೂತು, ಆಗಲ್ಲ ಅಂದ್ರು. ನನ್ನ ಹತ್ತಿರ ಬಂದ ಗಿರಾಕಿಗಳೆಲ್ಲ ಅವರ ಪಕ್ಕ ಕೂತು ನಗೋದನ್ನ ದಿನಾ ಕನ್ನಡಿಲಿ ನೋಡ್ತಿದ್ದೆ. ತಡೆಯೋಕಾಗಲಿಲ್ಲ."

ಮರುದಿನ ಸಲಹೆಗಾರರಿಗೆ ಪ್ರಜ್ಞೆ ಬಂತು. ಹೆಂಡತಿ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಳು. ಗಂಡ ಮಾತ್ರ ವಾರ್ಡಿನ ಬಾಗಿಲಲ್ಲೇ ನಿಂತ; ಭಾವ ಬೆನ್ನಿಗೆ ಕೈಯಿಟ್ಟು ತಳ್ಳಿದರೂ ಕಾಲು ಮುಂದೆ ಬರಲಿಲ್ಲ. ಬ್ಯಾಂಡೇಜಿನ ತಲೆ ಇತ್ತ ಹೊರಳಿತು.

"ಬಾರಪ್ಪ," ಎಂದರು ಸಲಹೆಗಾರರು, ದನಿ ಇನ್ನೂ ಸಣ್ಣಗಿತ್ತು. "ಬಯ್ಯೋದು ಬಾಕಿ ಇದ್ರೆ ಬೈದು ಮುಗಿಸು. ಆಮೇಲೆ ಬೇರೆ ಮನೆ ನೋಡೋಣ."